ಮಾವನ ಉದ್ದನೆಯ ಸ್ಟೆತಾಸ್ಕೋಪು

ನನ್ನ ಸೋದರಮಾವನಂಥ ಧೈರ್ಯಸ್ಥ ಡಾಕ್ಟರು ಬೆಂಗಳೂರಿನ ಇಡೀ ಯಡಿಯೂರಿನಲ್ಲೇ ಇಲ್ಲ ಎಂದು ನಾನು ಎಲ್ಲರ ಮುಂದೆಯೂ ಕೊಚ್ಚಿಕೊಳ್ಳುತ್ತೇನೆ. ಅದೇ ಡಾಕ್ಟರು ಒಮ್ಮೆ ತಿಂಗಳುಗಟ್ಟಲೆ ಸ್ವಂತ ಮನೆಯೊಳಗೆ ಕಾಲಿಡಲು ಹೆದರಿ, ಕಿಟಕಿಯ ಹೊರಗೆ ನಿಂತು ಊಟದ ತಟ್ಟೆಗೆ ಕಾಯುತ್ತಿದ್ದರು ಎಂಬುದನ್ನು ಮಾತ್ರ ನುಂಗಿಕೊಳ್ಳುತ್ತೇನೆ. ಇವತ್ತು ಅದನ್ನೂ ಹೇಳಿಬಿಡುತ್ತೇನೆ. ಹೇಗೂ ಮಾವ ಔಷಧಿ ಶೀಸೆಯ ಲೇಬಲ್ಲು ಬಿಟ್ಟರೆ ಬೇರೇನನ್ನೂ ಓದುವವರಲ್ಲ!

ಮಾವನ ಕ್ಲಿನಿಕ್ಕು ಇದ್ದದ್ದು ಮನೆಯ ಮುಂದಿನ ಕೋಣೆಯಲ್ಲಿ. ಕ್ಲಿನಿಕ್ಕಿಗೂ ಮನೆಯ ಹಾಲಿಗೂ ನಡುವೆ ಒಂದೇ ಬಾಗಿಲು, ಅದೂ ಸದಾ ತೆರೆದೇ ಇರುತ್ತಿತ್ತು. ರೋಗಿಗಳು ಅತ್ತೆ ಕೊಟ್ಟ ಕಾಫಿ ಕುಡಿದು, ಟೀವಿಯಲ್ಲಿ ಧಾರಾವಾಹಿ ನೋಡಿ, ಯಾವ ಕಾಯಿಲೆಗೆ ಬಂದಿದ್ದೆವೆಂದು ಮರೆತು ಹೋಗುತ್ತಿದ್ದುದೂ ಉಂಟು. ಮಾವನದು ಒಂದು ಪದ್ಧತಿ. ಯಾರೇ ಬರಲಿ, ಏನೇ ಹೇಳಲಿ, ಮೊದಲು ಹಣೆಯ ಮೇಲೆ ಅಂಗೈ ಇಡುತ್ತಿದ್ದರು. ಕಾಲುಬೆರಳು ಉಳುಕಿದೆ ಎಂದರೂ ಹಣೆಯೇ! ಆಮೇಲೆ ಎದೆಗೆ ಸ್ಟೆತಾಸ್ಕೋಪು, ಕೊನೆಗೆ "ಏನೂ ಇಲ್ಲ, ಹೋಗಿ ಬಾ" ಎಂಬ ಅಪ್ಪಣೆ. ಅರ್ಧ ಕಾಯಿಲೆ ಆ ಅಂಗೈಗೇ ವಾಸಿಯಾಗುತ್ತದೆಂದು ಜನ ನಂಬಿದ್ದರು. ನಾನೂ ನಂಬಿದ್ದೆ.

ಹೀಗಿರುವಾಗ ಬೆಂಗಳೂರಿಗೆ ಹಂದಿಜ್ವರ ಬಂತು. ಅದೇ ಸಮಯಕ್ಕೆ ಮಾವನ ಒಬ್ಬಳೇ ಮಗಳು ಪುಟ್ಟಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಹಿಂದೆ ಒಂದು ಸಲ ಗರ್ಭ ನಿಲ್ಲದೆ ಹೋಗಿ, ಮನೆಯವರೆಲ್ಲ ಉಸಿರು ಬಿಗಿಹಿಡಿದು ಕಾಯುತ್ತಿದ್ದ ಮಗು ಇದು. ಗರ್ಭಿಣಿಯರಿಗೆ ಈ ಜ್ವರ ತಗುಲಿದರೆ ಅಪಾಯ ಹೆಚ್ಚು ಎಂದು ದಿನವೂ ಪತ್ರಿಕೆಯಲ್ಲಿ ಬರುತ್ತಿತ್ತು. ಒಂದು ಬಾಗಿಲಿನ ಈಚೆ ಕೆಮ್ಮುವವರ ಸಾಲು, ಆಚೆ ಪುಟ್ಟಿ! ಕ್ಲಿನಿಕ್ಕು ಮುಚ್ಚಿ ಎಂದರು ಅತ್ತೆ. ಜ್ವರದ ಕಾಲದಲ್ಲಿ ಮುಚ್ಚುವುದಕ್ಕೆ ಇದೇನು ಐಸ್‌ಕ್ರೀಮ್ ಅಂಗಡಿಯೇ ಎಂದರು ಮಾವ. ಹಾಗಾದರೆ ಪುಟ್ಟಿಯನ್ನು ಗಂಡನ ಮನೆಗೆ ಕಳಿಸೋಣ ಎಂದರು ಮಾವನೇ. ಚೊಚ್ಚಲ ಬಾಣಂತನ ತವರಲ್ಲಿ ಮಾಡದೆ ಬೀಗರಿಗೆ ಮುಖ ತೋರಿಸುವುದು ಹೇಗೆ ಎಂದರು ಅತ್ತೆ. ಮಗಳೂ ಇರಬೇಕು, ರೋಗಿಗಳೂ ಇರಬೇಕು. ಕೊನೆಗೆ ಮಾವನೇ ಮನೆ ಬಿಟ್ಟರು.

ಬಿಟ್ಟು ಬಹಳ ದೂರವೇನೂ ಹೋಗಲಿಲ್ಲ. ಹಾಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿ, ತಾವು ಕ್ಲಿನಿಕ್ಕಿನ ಕೋಣೆಯಲ್ಲಿ ಬಿಡಾರ ಹೂಡಿದರು. ರೋಗಿಗಳು ರಸ್ತೆಯ ಹೊಂಗೆಮರದ ಕೆಳಗೆ ತಮ್ಮ ತಮ್ಮ ವಾಹನದಲ್ಲೇ ಕೂತಿರಬೇಕು, ಮಾವ ಒಬ್ಬೊಬ್ಬರ ಹತ್ತಿರ ಹೋಗಿ ನೋಡುವುದು ಎಂದು ಹೊಸ ಕಾನೂನು ಬಂತು. ನಾನು ಪಾಠ ಮಾಡುತ್ತಿದ್ದ ಶಾಲೆಗೆ ಜ್ವರದ ರಜೆ ಕೊಟ್ಟಿದ್ದರಿಂದ ಟ್ರಾಫಿಕ್ ಪೊಲೀಸಿನ ಕೆಲಸ ನನ್ನ ಕೊರಳಿಗೆ ಬಿತ್ತು. ಎಲ್ಲರ ಮುಖಕ್ಕೂ ಕರ್ಚೀಫು! ಯಾರು ರೋಗಿ, ಯಾರು ದಾರಿಹೋಕ ಎಂದು ತಿಳಿಯುವುದಾದರೂ ಹೇಗೆ? ತರಕಾರಿ ಗಾಡಿಯವನನ್ನು ಸಾಲಿನಲ್ಲಿ ನಿಲ್ಲಿಸಿ, ನಿಜವಾದ ರೋಗಿಯ ಹತ್ತಿರ ಬೀನ್ಸ್ ಹೇಗೆ ಕೊಟ್ಟೆ ಎಂದು ಕೇಳಿದವಳು ನಾನು.

ಹಣೆ ಮುಟ್ಟುವುದನ್ನು ಮಾವ ತಮಗೆ ತಾವೇ ನಿಷೇಧಿಸಿಕೊಂಡಿದ್ದರು. ಆದರೆ ಕೈಗೆ ಕಾನೂನು ಗೊತ್ತೇ? ರೋಗಿ ಕಂಡೊಡನೆ ಅದು ತಾನಾಗಿ ಮೇಲೇಳುತ್ತಿತ್ತು, ಅರ್ಧದಲ್ಲಿ ನೆನಪಾಗಿ ಮಾವನ ತಲೆಯನ್ನೇ ತುರಿಸುತ್ತಿತ್ತು. ಡಾಕ್ಟರು ಮುಟ್ಟಲೇ ಇಲ್ಲ, ಇನ್ನು ವಾಸಿಯಾಗುವುದು ಹೇಗೆ ಎಂದು ಸಾರಕ್ಕಿಯ ಆಂಟಿಯೊಬ್ಬರು ಮಾತ್ರೆಯನ್ನೇ ವಾಪಸು ಕೊಟ್ಟುಹೋದರು. ಅಂಗೈಯ ಜಾಗಕ್ಕೆ ಥರ್ಮಾಮೀಟರು ಬಂತು. ಯಾರೇ ಬಂದರೂ ಮೊದಲು ಬಾಯಿಗೆ ಅದು, "ನಾನು ಹೇಳೋವರೆಗೂ ಬಾಯಿ ತೆಗೀಬಾರದು" ಎಂಬ ಕಟ್ಟಪ್ಪಣೆ ಬೇರೆ.

ಒಂದು ಬೆಳಿಗ್ಗೆ ಮಂಡಿನೋವೆಂದು ಆಟೋ ಡ್ರೈವರ್ ಒಬ್ಬ ಬಂದ. ಮಂಡಿಗೂ ಥರ್ಮಾಮೀಟರು! ಅವನು ಅದನ್ನು ಕಚ್ಚಿಕೊಂಡು ತನ್ನ ಆಟೋದಲ್ಲಿ ಕೂತಿದ್ದಾಗ ಒಬ್ಬ ಹೆಂಗಸು ಹಿಂದೆ ಹತ್ತಿ ಕೂತು ಉತ್ತರಹಳ್ಳಿಗೆ ಬಿಡು ಎಂದಳು. ಬಾಯಿ ತೆಗೆಯುವಂತಿಲ್ಲವಲ್ಲ, ಅವನು ಇಲ್ಲವೆಂದು ತಲೆಯಾಡಿಸಿದ.

"ಮೀಟರ್ ಮೇಲೆ ಹತ್ತು ಕೊಡ್ತೀನಪ್ಪ."

ತಲೆ ಆಡಿತು.

"ಆಯ್ತು, ಒನ್ ಅಂಡ್ ಹಾಫ್."

ಇನ್ನೂ ಜೋರಾಗಿ ಆಡಿತು.

"ಏನು ಬೆಂಗಳೂರೋ ಇದು! ಡಬಲ್ ಮೀಟರ್ ತಗೊಂಡು ಹಾಳಾಗಿ ಹೋಗು, ನಡಿ."

ಡಬಲ್ ಮೀಟರ್ ಎಂಬುದು ಕಿವಿಗೆ ಬಿದ್ದ ಮೇಲೂ ತಲೆಯಾಡಿಸುತ್ತಾ ಕೂರಲು ಅವನೇನು ಸನ್ಯಾಸಿಯೇ? ಆಟೋ ಹೋಯಿತು, ಮಾವನ ಥರ್ಮಾಮೀಟರೂ ಹೋಯಿತು. ಎಷ್ಟೋ ಹೊತ್ತಿನ ಮೇಲೆ ಅವನು ಹಾಗೆಯೇ ಕಚ್ಚಿಕೊಂಡು ಬಂದು ಮಾವನ ಮುಂದೆ ನಿಂತ. ಮಾವ ಓದಿ ನೋಡಿ ಜ್ವರ ಇಲ್ಲವೆಂದರು. ಮಂಡಿನೋವೂ ಹೋಯಿತು ಸಾರ್ ಎಂದ ಅವನು.

ಮನೆಯೊಳಗಿನ ಗೊಂದಲವೂ ಕಡಿಮೆಯೇನಿರಲಿಲ್ಲ. ಅತ್ತೆ ಹಾಲಿನ ಕಿಟಕಿಯಲ್ಲಿ ತಟ್ಟೆ ಇಟ್ಟು ಫೋನು ಮಾಡಬೇಕು, ಮಾವ ಬಂದು ಎತ್ತಿಕೊಳ್ಳಬೇಕು. ಒಂದೇ ಗೋಡೆಯ ಆಚೆ ಈಚೆ ಕೂತು ಇಬ್ಬರೂ ಮೊಬೈಲಿನಲ್ಲಿ ಮಾತಾಡಿದ್ದೇ ಮಾತಾಡಿದ್ದು. ಮದುವೆಯಾದಾಗಿನಿಂದ ಇವರು ಇಷ್ಟು ಮಾತಾಡಿದ್ದನ್ನು ನಾನು ಕಾಣೆ ಎಂದು ಅತ್ತೆ ನಾಚಿಕೊಂಡರು. ದಿನಕ್ಕೊಮ್ಮೆ ಮಾವ ಮರದ ಕೆಳಗಿನಿಂದಲೇ ಕಿಟಕಿಯತ್ತ ತಿರುಗಿ "ಮಗು ಒದೀತಾ?" ಎಂದು ಕೂಗುತ್ತಿದ್ದರು. ಪುಟ್ಟಿ ಹೂಂ ಎನ್ನುವವರೆಗೆ ಯಾವ ರೋಗಿಯ ನಾಲಿಗೆಯನ್ನೂ ನೋಡುತ್ತಿರಲಿಲ್ಲ. ಒಮ್ಮೆ ಸ್ಕೂಟರಿನ ಮೇಲಿದ್ದ ಮೀಸೆಯ ಯಜಮಾನರೊಬ್ಬರು ಪ್ರಶ್ನೆ ತಮಗೇ ಎಂದುಕೊಂಡು "ಇಲ್ಲ ಸಾರ್, ಬರೀ ಕೆಮ್ಮು" ಎಂದು ವಿನಯದಿಂದ ಉತ್ತರ ಕೊಟ್ಟರು.

ಇನ್ನು ಸ್ಟೆತಾಸ್ಕೋಪು. ಅದನ್ನು ಇಡಲು ರೋಗಿಯ ಹತ್ತಿರ ಬಗ್ಗಬೇಕಲ್ಲ? ಮಾವ ಸಾರಕ್ಕಿಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಗಾರೆಯವರು ನೀರು ತುಂಬಿ ಗೋಡೆಯ ಮಟ್ಟ ನೋಡುವ ಟ್ಯೂಬು ತಂದು, ಕತ್ತರಿಸಿ ಅದಕ್ಕೆ ಜೋಡಿಸಿದರು. ಎರಡಾಳುದ್ದದ ಸ್ಟೆತಾಸ್ಕೋಪು ತಯಾರು! ಮಾವ ಗೇಟಿನ ಹತ್ತಿರ, ರೋಗಿ ಮರದ ಹತ್ತಿರ, ಬಿಲ್ಲೆಯನ್ನು ರೋಗಿಯೇ ಎದೆಗೆ ಹಿಡಿದುಕೊಳ್ಳಬೇಕು. ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ ಬಾಗಲಕೋಟೆಯ ಹುಡುಗ ಅದನ್ನು ಬಾಯಿಯ ಹತ್ತಿರ ಹಿಡಿದು, "ಸಾಹೇಬ್ರ, ಹೊಟ್ಟಿ ಭಾಳ ನೋಯಾಕತ್ತೇತ್ರಿ" ಎಂದು ಗಟ್ಟಿಯಾಗಿ ವರದಿ ಒಪ್ಪಿಸಿದ. ಮಾವ ಎರಡೂ ಕಿವಿ ಹಿಡಿದುಕೊಂಡು ಗೇಟಿಗೆ ಒರಗಿದರು. ನೆಟ್ಟಗೆ ಹಿಡಿದವರ ಎದೆಯಿಂದಲೂ ಪಕ್ಕದ ಮನೆಯ ಕುಕ್ಕರೇ ಕೇಳಿಸುತ್ತದೆ ಎಂದು ಮಾವ ಗೊಣಗುತ್ತಿದ್ದರು, ಆದರೂ ಬಿಡಲಿಲ್ಲ. ಅವರಿಗೆ ತಲೆ ಕೆಟ್ಟಿದೆಯೆಂದು ಬೀದಿಯವರು ಒಮ್ಮತದಿಂದ ತೀರ್ಮಾನಿಸಿದರು. ನಾನೂ ಕೈ ಎತ್ತಿದೆ.

ಪುಟ್ಟಿಗೆ ಜಯನಗರದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಗಟ್ಟಿಯಾಗಿ ಮನೆಗೆ ಬಂದರು. ಅತ್ತೆ ಎತ್ತಿಕೊಂಡರು, ಶಾಲೆ ಮತ್ತೆ ಶುರುವಾಗಿ ಟ್ರಾಫಿಕ್ ಕೆಲಸ ಬಿಟ್ಟಿದ್ದ ನಾನು ಎತ್ತಿಕೊಂಡೆ, ಬೀಗರು ಎತ್ತಿಕೊಂಡರು. ಮಾವ ಮಾತ್ರ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕಿಟಕಿಯ ಹೊರಗೆ, ಎರಡು ಹೆಜ್ಜೆ ಹಿಂದಕ್ಕೇ ನಿಂತಿದ್ದರು. ಜ್ವರ ಇನ್ನೂ ಊರು ಬಿಟ್ಟಿರಲಿಲ್ಲ. ಸ್ನಾನ ಮಾಡಿ ಒಳಗೆ ಬನ್ನಿ ಎಂದು ಅತ್ತೆ ಎಷ್ಟು ಕರೆದರೂ ಕೇಳಲಿಲ್ಲ. "ಬೆಳಿಗ್ಗೆಯಿಂದ ಜ್ವರದವರನ್ನೇ ನೋಡಿದೀನಿ ಕಣೆ, ಬೇಡ" ಎಂದರು. ಕಂಡವರ ಹಣೆಯನ್ನೆಲ್ಲ ಮುಟ್ಟಿದ ಮನುಷ್ಯ, ತನ್ನ ಮೊಮ್ಮಗಳನ್ನು ಮುಟ್ಟಲಾರದೆ ನಿಂತಿದ್ದರು.

ಪುಟ್ಟಿ ಕಿಟಕಿಗೆ ಬಂದು, "ಅಪ್ಪ, ಅದನ್ನ ಕೊಡಿ" ಎಂದು ಅವರ ಕೊರಳಿನತ್ತ ಕೈ ತೋರಿಸಿದಳು.

ಉದ್ದನೆಯ ಟ್ಯೂಬು ಸರಳುಗಳ ನಡುವೆ ಒಳಗೆ ಬಂತು. ಪುಟ್ಟಿ ಬಿಲ್ಲೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಅಂಗೈಯಲ್ಲಿ ಬೆಚ್ಚಗೆ ಮಾಡಿ ಮಗುವಿನ ಎದೆಯ ಮೇಲಿಟ್ಟಳು. ಅತ್ತೆ ಓಡಿಹೋಗಿ ಕುಕ್ಕರಿನ ಕೆಳಗಿನ ಒಲೆ ಆರಿಸಿ ಬಂದರು. ಮಾವ ಕಣ್ಣು ಮುಚ್ಚಿಕೊಂಡರು. ಅವರ ಬಲಗೈ ತಾನಾಗಿ ಮೇಲೆದ್ದಿತು, ಈ ಸಲ ತಲೆ ತುರಿಸಲಿಲ್ಲ, ಗಾಳಿಯಲ್ಲೇ ನಿಂತಿತು.

"ಕೇಳಿಸ್ತಾ ಅಪ್ಪ?"

ಮಾವ ಹೌದೆಂದು ತಲೆಯಾಡಿಸಿದರು. ಏನೂ ಇಲ್ಲ, ಹೋಗಿ ಬಾ ಎನ್ನುತ್ತಾರೆಂದು ನಾನು ಕಾದೆ.

"ತೆಗೀಬೇಡ ಪುಟ್ಟಿ," ಎಂದರು. "ಇನ್ನೊಂದು ಸ್ವಲ್ಪ ಹೊತ್ತು ಇಟ್ಟಿರು."

ಹೊಂಗೆಮರದ ಕೆಳಗೆ ಸಾಲಾಗಿ ಕಾಯುತ್ತಿದ್ದ ರೋಗಿಗಳಲ್ಲಿ, ಅಷ್ಟು ಹೊತ್ತು, ಒಬ್ಬರೂ ಕೆಮ್ಮಲಿಲ್ಲ.