ಮರ್ವಿನ್ನನ ಅಪ್ಪಟ ಗಿಡ

"ನಿನ್ನ ಗಿಡ ನನ್ನ ಗಿಡದ ಕುಲ ಕೆಡಿಸಿದೆ ಡಲ್ಸಿ. ಇವತ್ತೇ ಕಡಿಸು."

"ನನ್ನ ಗಿಡ ಬೇಲಿ ಹಾರಿ ಬಂತೇನು? ಹಕ್ಕಿ ಎರಡೂ ಕಡೆ ಜೇನು ಕುಡಿದ್ರೆ ನಾನೇನ್ ಮಾಡ್ಲಿ? ಹಕ್ಕೀನ ಕರೆದು ಬೈಯಿ."

ಬೇಲಿಯ ಈಚೆ ನಿಂತವನು ಮರ್ವಿನ್ ಪ್ಲಂಕೆಟ್. ಅಂಚೆ ಕಚೇರಿಯಿಂದ ನಿವೃತ್ತನಾದವನು. ಬೆಳಿಗ್ಗೆ ಏಳಕ್ಕೇ ಟೈ ಕಟ್ಟಿದ್ದ, ಕೈಯಲ್ಲಿ ಕಿತ್ತ ಸಸಿ. ಆಚೆ ಪಕ್ಕದ ಮನೆಯ ಡಲ್ಸಿ ಹೊರಿಗನ್, ಬಾಯಲ್ಲಿ ಅರ್ಧ ಟೋಸ್ಟು.

ಆಸ್ಟ್ರೇಲಿಯಾದ ಬೆಂಡಿಗೊ ಪಟ್ಟಣದ ಆಚೆ ಇರುವ ನಮ್ಮೂರು ಕೆರಾಬೀನಿನಲ್ಲಿ ಮರ್ವಿನ್ನನ ಗ್ರೆವಿಲಿಯಾ ಪೊದೆಯ ಕತೆ ಕೇಳದವರಿಲ್ಲ. ಜೇಡರ ಹುಳು ಕಾಲು ಮಡಚಿದಂಥ ಹೂವು. ಮೂವತ್ತು ವರ್ಷದ ಹಿಂದೆ ಹಳ್ಳದ ದಂಡೆಯಿಂದ ಕಿತ್ತು ತಂದದ್ದು. "ಈ ನೆಲದ ಅಪ್ಪಟ ತಳಿ, ಉಳಿದಿರೋದು ಇದೊಂದೇ" ಎಂದು ಕರೆಂಟಿನ ಮೀಟರ್ ನೋಡಲು ಬಂದವನಿಗೂ ಹೇಳುತ್ತಿದ್ದ. ಯಾರಾದರೂ ನರ್ಸರಿಯಿಂದ ಗಿಡ ತಂದು ನೆಟ್ಟರೆ ಅವರ ಗೇಟಿನ ಮುಂದೆ ನಿಂತು "ಬೆರಕೆ" ಎಂದು ಹೇಳಿ ಹೋಗುತ್ತಿದ್ದ. ಊರಿನಲ್ಲಿ ಯಾರೂ ಅವನನ್ನು ಊಟಕ್ಕೆ ಕರೆಯುತ್ತಿರಲಿಲ್ಲ.

ಇವತ್ತು ಹನ್ನೊಂದಕ್ಕೆ ಹಳ್ಳದ ದಂಡೆಯಲ್ಲಿ ಕಾಡು ಬೆಳೆಸುವ ಸಂಘದ ರೋವೆನಾ ಆ ಗಿಡದ ಬೀಜಕ್ಕೆ ಬರುವವಳಿದ್ದಳು. ಬೀಜ ಒಯ್ದರೆ ದಂಡೆಯ ತುಂಬ ಅದರದೇ ಸಂತತಿ, ಜೊತೆಗೆ ಪ್ಲಂಕೆಟ್ ಹೆಸರಿನ ಬೋರ್ಡು. ಬೋರ್ಡಿನಲ್ಲಿ ಏನು ಬರೆಯಬೇಕೆಂದೂ ಆಸಾಮಿ ಗೀಚಿಟ್ಟಿದ್ದ.

ಅಂಥ ದಿನವೇ ಗಿಡದ ಬುಡದಲ್ಲಿ ಸಸಿಗಳು ಕಣ್ಣಿಗೆ ಬಿದ್ದವು. ಒಂದರ ಎಲೆ ಸೂಜಿ, ಇನ್ನೊಂದರದು ಅಗಲ, ಮತ್ತೊಂದರದು ಬಾಚಣಿಗೆ ಹಲ್ಲು. ಇವನ್ನು ನೋಡಿದರೆ ರೋವೆನಾ ಬೀಜ ಮುಟ್ಟುತ್ತಾಳೆಯೇ?

ಜಗಳ ಮುಗಿಸಿ ಮರ್ವಿನ್ ಮಂಡಿಯೂರಿ ಉಳಿದವನ್ನೂ ಕಿತ್ತ. ಟೈ ಮಣ್ಣಲ್ಲಿ ಹೊರಳಾಡಿತು, ಪ್ಯಾಂಟು ಹೊಲಿಗೆ ಬಿಟ್ಟಿತು. ಇಪ್ಪತ್ಮೂರು ಸಸಿಗಳನ್ನು ರಸ್ತೆ ಬದಿಯ ಹಸಿರು ಕಸದ ಡಬ್ಬಕ್ಕೆ ತುರುಕಿ, ಪ್ಯಾಂಟು ಬದಲಿಸಲು ಒಳಗೆ ಓಡಿದ.

ಡಲ್ಸಿ ಸುಮ್ಮನಿರುವ ಪೈಕಿಯವಳಲ್ಲ. "ಜೀವ ಇರೋದನ್ನ ಕಸಕ್ಕೆ ಹಾಕ್ತಾನೆ, ಪಾಪಿ" ಎನ್ನುತ್ತ ಎಲ್ಲವನ್ನೂ ಡಬ್ಬದಿಂದ ಎತ್ತಿ, ಖಾಲಿ ಮೊಸರಿನ ಡಬ್ಬಿಗಳಲ್ಲಿ ನೆಟ್ಟು, ತನ್ನ ಗೇಟಿನ ಮುಂದೆ ಸ್ಟೂಲಿನ ಮೇಲೆ ಜೋಡಿಸಿದಳು. ಮೇಲೊಂದು ರಟ್ಟು: "ಮರ್ವಿನ್ ಮನೆಯ ಸಸಿಗಳು. ಪುಕ್ಕಟೆ."

ರೋವೆನಾ ಕಾಲು ಗಂಟೆ ಮುಂಚೆಯೇ ಬಂದಳು. ಎರಡೂ ಕೈಯಲ್ಲಿ ಮೊಸರಿನ ಡಬ್ಬಿ.

"ಇವು ನಿಮ್ಮ ಗಿಡದ ಬುಡದವಾ?"

ಮರ್ವಿನ್ನನ ಮುಖ ಹಿಂಡಿದ ಬಟ್ಟೆಯಂತಾಯಿತು. "ತಪ್ಪು ನನ್ನ ಗಿಡದ್ದಲ್ಲ ಮೇಡಂ. ಇವಕ್ಕೆ ಅಪ್ಪ ಪಕ್ಕದ ಮನೇದು. ಆ ಕೆಂಪು ಹೂವಿನ ದರಿದ್ರ."

ರೋವೆನಾ ಭೂತಗನ್ನಡಿ ಹಿಡಿದು ಗಿಡದ ಎಲೆಯ ಅಡಿ ನೋಡಿದಳು. "ತಾಯಿ ಅಪ್ಪಟ, ತಂದೆ ಅಪ್ಪಟ ಆದ್ರೆ ಮಕ್ಕಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರ್ತವೆ. ಇವು ಒಂದೊಂದೂ ಒಂದೊಂದು ಥರ. ಅಂದ್ರೆ ತಾಯೀನೇ ಬೆರಕೆ. ಎಲ್ಲಿಂದ ತಂದಿದ್ರಿ ಇದನ್ನ?"

"ಹಳೇ ಸೇತುವೆ ಕೆಳಗಿಂದ. ಶುದ್ಧ ಕಾಡುಗಿಡ."

"ಸೇತುವೆ ಕೆಳಗಾ?" ಬೇಲಿಯಾಚೆಯಿಂದ ಡಲ್ಸಿ. "ಊರೋರೆಲ್ಲ ತೋಟದ ಕಸ ಸುರೀತಿದ್ದಿದ್ದೇ ಅಲ್ಲಿ. ನಮ್ಮತ್ತೆ ಗಾಡಿಗಟ್ಟಲೆ ಸುರಿದಿದಾರೆ."

ರೋವೆನಾಳ ಕಣ್ಣು ಬೇಲಿ ದಾಟಿತ್ತು. "ನಿಮ್ಮ ಆ ಕೆಂಪು ಹೂವಿನ ಗಿಡ ಯಾವ ನರ್ಸರೀದು?"

"ನರ್ಸರೀದೆಲ್ಲಿ ಬಂತು? ಮನೆ ಕಟ್ಟೋಕೆ ಮೊದ್ಲೇ ಇತ್ತು. ನಮ್ಮ ಯಜಮಾನ್ರು ಮೂರು ಸಲ ಕಡಿದ್ರು, ಮತ್ತೆ ಚಿಗುರ್ತು. ಸಾಕಾಗಿ ಅದರ ಮೇಲೆ ಬಟ್ಟೆ ಒಣಗಿಸ್ತಾ ಇದೀವಿ."

ಮೂವತ್ತು ವರ್ಷ ಪಕ್ಕದಲ್ಲೇ ಇದ್ದ ಈ ಮಹಾಪಂಡಿತ ಡಲ್ಸಿಯ ಒಳಲಂಗಗಳ ಕೆಳಗೆ ಏನಿದೆಯೆಂದು ಒಂದು ದಿನವೂ ನೋಡಿರಲಿಲ್ಲ.

"ಒಂದ್ನಿಮಿಷ, ಬಂದೆ" ಎಂದು ರೋವೆನಾ ಬೀಜದ ಚೀಲ ಎತ್ತಿಕೊಂಡು ಹೊರಟಳು.

ಮರ್ವಿನ್ ಚಹಾಕ್ಕಿಟ್ಟ. ತೆಂಗಿನ ತುರಿ ಮೆತ್ತಿದ ಲ್ಯಾಮಿಂಗ್ಟನ್ ಕೇಕು ತಟ್ಟೆಯಲ್ಲಿ ಜೋಡಿಸಿದ. ಎರಡು ಕಪ್ಪು ಇಟ್ಟ. ಬೇಲಿಯಾಚೆ ನಗು, ಒಣಬಟ್ಟೆ ಎತ್ತುವ ಸದ್ದು. ಚಹಾ ಆರಿತು.

"ಮರ್ವಿನ್," ಡಲ್ಸಿಯ ಕೂಗು. "ಅಪ್ಪಟ ಕಾಡುಗಿಡ ನಮ್ಮದಂತೆ. ನಿನ್ನ ಗಿಡ ನಮ್ಮ ಗಿಡದ ಕುಲ ಕೆಡಿಸುತ್ತಂತೆ. ಇವತ್ತೇ ಕಡಿಸಬೇಕು ಅಂತಿದಾರೆ ಮೇಡಂ."

ಅವನು ಹೊಸ್ತಿಲಿಗೆ ಬರುವಷ್ಟರಲ್ಲಿ ರೋವೆನಾಳ ಕಾರು ಗೇಟು ದಾಟಿ ಸೇತುವೆಯ ಕಡೆ ತಿರುಗಿತ್ತು. ಒಂದು ನಿಮಿಷಕ್ಕೆಂದು ಹೋದವಳು ಮರ್ವಿನ್ನನ ಮನೆಗೆ ಮತ್ತೆ ಕಾಲಿಡಲಿಲ್ಲ.