ಪಾಸ್ ಮಾಡುವ ಶಬ್ದ

ಸಾತಪ್ಪ ಮಾಸ್ತರರ ಕಷ್ಟಕ್ಕೆಲ್ಲ ಒಂದು ಇಂಗ್ಲಿಷ್ ಪದ ಕಾರಣ. ಅದನ್ನು ಅವರು ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟು ಹೇಳಬಾರದಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಖಾನಾಪುರದ ಒಂದು ಸರಕಾರಿ ಹೈಸ್ಕೂಲಿಗೆ ಕಂಪ್ಯೂಟರ್ ಬಂದಿತ್ತು. ಬೆಳಿಗ್ಗೆ ಮಕ್ಕಳ ಅಂಕ, ಮಧ್ಯಾಹ್ನ ಪಂಚಾಯತಿ ಕಚೇರಿಯ ಜನನ-ಮರಣದ ವಿವರ, ಎರಡೂ ಅದರ ಹೊಟ್ಟೆಗೇ ಹೋಗಬೇಕೆಂದು ಮೇಲಿನವರ ಯೋಜನೆ. ಗಣಿತ ಕಲಿಸುವವರೆಂಬ ಒಂದೇ ತಪ್ಪಿಗೆ ಸಾತಪ್ಪನವರನ್ನು ಬೆಳಗಾವಿಯ ತರಬೇತಿಗೆ ಹಾಕಿದರು. ಅಲ್ಲಿ ಕಲಿತದ್ದರಲ್ಲಿ ಅವರ ತಲೆಯಲ್ಲಿ ಉಳಿದದ್ದು ಇಷ್ಟೇ: ಯಂತ್ರಕ್ಕೊಂದು ಗುಟ್ಟಿನ ಶಬ್ದ ಇಡಬೇಕು, ಅದನ್ನು ಯಾರಿಗೂ ಹೇಳಬಾರದು.

"ಅದಕ್ಕ ಪಾಸ್‌ವರ್ಡ್ ಅಂತಾರ್ರಿ," ಎಂದು ಅವರು ಸ್ಟಾಫ್ ರೂಮಿನಲ್ಲಿ ವಿವರಿಸಿದರು. ಆ ಮಾತು ಗೇಟು ದಾಟಿ, ಚಹಾದಂಗಡಿ ಹೊಕ್ಕು, ಸಂತೆ ಸುತ್ತಿ ಬರುವಷ್ಟರಲ್ಲಿ ಬೇರೆಯೇ ವೇಷ ತೊಟ್ಟಿತ್ತು. ಸಾತಪ್ಪ ಮಾಸ್ತರರ ಹತ್ತಿರ ಒಂದು ಶಬ್ದ ಇದೆಯಂತೆ, ಅದನ್ನು ಯಂತ್ರದ ಮುಂದೆ ಹೇಳಿದರೆ ಸಾಕು, ಎಂಥ ದಡ್ಡ ಹುಡುಗನೂ ಪಾಸಂತೆ!

ಇದರ ಮೇಲೆ ಇನ್ನೊಂದು ಪರೀಕ್ಷೆ. ತರಬೇತಿಯ ಕೊನೆಗೆ ಹಿರಿಯ ಅಧಿಕಾರಿಗಳು ಹೇಳಿದ್ದರು: "ಬರೂ ಸೋಮವಾರ ನಮ್ಮ ಕಡೆಯವರೊಬ್ರು ನಿಮ್ಮ ಸಾಲಿಗೆ ಬರತಾರ. ಯಾರು ಅಂತ ಹೇಳೂದಿಲ್ಲ. ಉಪಾಯ ಮಾಡಿ ಶಬ್ದ ಕೇಳತಾರ. ಬಿಟ್ಟು ಕೊಡಲಿಲ್ಲಂದ್ರ ನಿಮ್ಮನ್ನ ಬೆಳಗಾವಿ ತರಬೇತಿ ಕೇಂದ್ರಕ್ಕ ತಗೋತೀವಿ."

ಸಾತಪ್ಪನವರ ಕಣ್ಣಲ್ಲಿ ನೀರೇ ಬಂದಿತ್ತು. ಮನೆ ಬೆಳಗಾವಿಯ ಶಹಾಪುರದಲ್ಲಿ, ನೌಕರಿ ಖಾನಾಪುರದಲ್ಲಿ. ಎಷ್ಟೋ ವರ್ಷಗಳಿಂದ ದಿನಾ ರೈಲು. ಬಂಡಿಗೆ ಕಟ್ಟಿದ ಎತ್ತಾದರೂ ಅಮಾವಾಸ್ಯೆಗೆ ಒಂದು ದಿನ ಮಲಗುತ್ತದೆ, ಇವರಿಗೆ ಅದೂ ಇಲ್ಲ.

ಆ ಸೋಮವಾರ ಬೆಳಿಗ್ಗೆ ಬುತ್ತಿ ಕಟ್ಟುತ್ತ ಹೆಂಡತಿ ಕಾಂತಾ ಸಹಜವಾಗಿ ಕೇಳಿದಳು, "ಅದೇನ್ರಿ ಆ ಶಬ್ದ?"

ಸಾತಪ್ಪ ಎರಡು ಹೆಜ್ಜೆ ಹಿಂದೆ ಸರಿದರು. "ನಿನ್ನ ಯಾರ ಕಳಿಸ್ಯಾರ?"

"ಅಯ್ಯ ಶಿವನ! ಕಟಗೊಂಡ ಹೆಂಡತಿನ್ನ ಕೇಳೂ ಮಾತನ ಇದು?" ಎಂದವಳು ರೊಟ್ಟಿಯ ಗಂಟನ್ನು ಅವರ ಕೈಗೆ ಎಸೆದು ಒಳಗೆ ಹೋದಳು. ಪಲ್ಲೆ ಹಾಕಿರಲಿಲ್ಲವೆಂಬುದು ಅವರಿಗೆ ಮಧ್ಯಾಹ್ನ ಗೊತ್ತಾಯಿತು.

ಖಾನಾಪುರದಲ್ಲಿ ಶಾಲೆಯ ಗೇಟಿಗೇ ಬಾಳಾಸಾಹೇಬರು ಅಡ್ಡ ಬಂದರು. ಪಂಚಾಯತಿಯ ಸದಸ್ಯರು, ದನಿ ದೊಡ್ಡದು, ಮೀಸೆ ಅದಕ್ಕಿಂತ ದೊಡ್ಡದು. ಅಣ್ಣನ ಮಗ ಹತ್ತನೆಯ ಇಯತ್ತೆಯಲ್ಲಿ ಬೇರು ಬಿಟ್ಟು ಕೂತಿದ್ದ.

"ಅಹೋ ಮಾಸ್ತರ್, ನಮ್ಮ ಹುಡುಗನ ಸಲುವಾಗಿ ಆ ಪಾಸ್ ಶಬ್ದ ಒಂದ್ಸಲ ಹೇಳಿ ಬಿಡ್ರಿ."

"ಸಾಹೇಬ್ರ, ಅದು ಪಾಸ್ ಮಾಡೂ ಶಬ್ದ ಅಲ್ರಿ. ಬಾಗಲಕ್ಕ ಕೀಲಿ ಇದ್ದಂಗ ಅಷ್ಟ."

"ಹಂಗಾರ ಕೀಲಿಕೈ ಕೊಡ್ರಿ! ಯಂತ್ರದಾಗ ಪಂಚಾಯತೀದೂ ಅರ್ಧ ಪಾಲು ಐತಿ. ನಮ್ಮ ಅರ್ಧ ಶಬ್ದನಾರ ಹೇಳ್ರಿ."

"ಅರ್ಧ ಶಬ್ದ ಬರೂದಿಲ್ರಿ."

"ಬರೂದಿಲ್ಲ? ನೋಡಕೋತೀನಿ!" ಎಂದು ಬಾಳಾಸಾಹೇಬರು ಟೋಪಿ ತಿರುಗಿಸಿ ಹಾಕಿಕೊಂಡು ಹೋದರು. ಅವರು ಟೋಪಿ ತಿರುಗಿಸಿದರೆಂದರೆ ಯಾರದೋ ನಲ್ಲಿಯಲ್ಲಿ ನೀರು ನಿಂತಿತೆಂದೇ ಅರ್ಥ. ಅಂದು ನಿಂತದ್ದು ಶಾಲೆಯ ನಲ್ಲಿ.

ನೀರಿಲ್ಲದೆ ಒಣಗಿದ ಗಂಟಲಲ್ಲಿ ಹೆಡ್ ಮಾಸ್ತರ ಚನ್ನಬಸಯ್ಯನವರು ಕರೆಸಿದರು.

"ಸಾತಪ್ಪನವರ, ಈ ಸಾಲಿ ಹೆಡ್ ಮಾಸ್ತರ ಯಾರ್ರಿ?"

"ನೀವರಿ ಸರ್."

"ಮತ್ತ ನನ್ನ ಸಾಲ್ಯಾಗ ನನಗ ಗೊತ್ತಿಲ್ಲದ ಶಬ್ದ ಒಂದು ಓಡ್ಯಾಡತದಲ್ಲ, ಅದು ನನಗ ಎಷ್ಟು ಅವಮಾನ?"

"ಸರ್, ಯಾರಿಗೂ ಹೇಳಬ್ಯಾಡಂತ ಆರ್ಡರ್ ಐತ್ರಿ."

"ಯಾರಿಗೂ ಅಂದ್ರ ಬ್ಯಾರೆದವ್ರಿಗೆ. ಹೆಡ್ ಮಾಸ್ತರ ಬ್ಯಾರೆದಾವ ಏನ್ರಿ?"

ಸಾತಪ್ಪ ತಲೆ ತಗ್ಗಿಸಿ ನಿಂತರು. ಹಾಗೆ ನಿಲ್ಲುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಚನ್ನಬಸಯ್ಯನವರು ಬೈದು ದಣಿದು ಬಿಟ್ಟರು.

ಊಟದ ಹೊತ್ತು ದಾಟಿದ ಮೇಲೆ ನಿಜವಾದ ಗಂಡಾಂತರ ಬಂತು. ಕೋಟು, ಟೈ, ಕೈಯಲ್ಲಿ ಕರಿಯ ಪೆಟ್ಟಿಗೆ. ಆ ಬಿಸಿಲಲ್ಲಿ ಟೈ ಕಟ್ಟಿದ ಮನುಷ್ಯ ಪರೀಕ್ಷೆಗೆ ಬಂದವನಲ್ಲದೆ ಬೇರೆ ಯಾರೂ ಆಗಿರಲು ಸಾಧ್ಯವಿರಲಿಲ್ಲ.

"ನಾನು ಬೆಳಗಾವಿಯಿಂದ ಬಂದೀನಿ. ಯಂತ್ರ ಚಾಲೂ ಮಾಡ್ರಿ. ನಿಮ್ಮ ಪಾಸ್‌ವರ್ಡ್ ಏನದ ಹೇಳ್ರಿ, ಲಗೂ."

ಸಾತಪ್ಪನವರ ಮುಖದ ಮೇಲೆ ಬೆಳಗಿನಿಂದ ಮೊದಲ ಸಲ ನಗೆ ಮೂಡಿತು. "ಬಂದ್ರ್ಯಾ? ಬರ್ರಿ ಬರ್ರಿ. ನಿಮ್ಮ ಹಾದಿನ ಕಾಯಾಕ ಹತ್ತಿದ್ದೆ."

"ಹಂಗಾರ ಹೇಳ್ರಿ."

"ಹೇಳಂಗಿಲ್ಲ!"

"ರೀ, ನನಗ ಇನ್ನೂ ನಾಕ ಕಡೆ ಹೋಗೂದೈತಿ."

"ಹೋಗ್ರಿ. ಖಾನಾಪುರದಾಗ ಒಬ್ಬ ಮಾಸ್ತರ ಬಗ್ಗಲಿಲ್ಲ ಅಂತ ಅಲ್ಲೂ ಹೇಳ್ರಿ," ಎಂದು ಸಾತಪ್ಪ ಕೋಣೆಗೆ ಬೀಗ ಜಡಿದು, ಕೀಲಿಕೈಯನ್ನು ತಾಯಿತದ ಹಾಗೆ ಕೊರಳಿಗೆ ಹಾಕಿಕೊಂಡರು. ಬಂದವನು ಹುಚ್ಚರ ಊರಿಗೆ ಬಂದವನಂತೆ ನೋಡಿ ಹೊರಟುಹೋದ.

ಚನ್ನಬಸಯ್ಯನವರು ಓಡಿಬಂದರು. "ಏನ ಮಾಡಿದ್ರಿ ಮಾರಾಯರ! ಅವರು ರಿಪೇರಿ ಇಂಜಿನಿಯರ್ರು! ಪ್ರಿಂಟರ್ ಕೆಟ್ಟೈತಿ ಅಂತ ಕೈಕಾಲ ಬಿದ್ದು ಕರಸೀನಿ!"

"ನಿಮಗೂ ಹಂಗ ಹೇಳ್ಯಾರನ್ರಿ ಸರ್? ಭಾಳ ಹುಷಾರ ಮನಷ್ಯಾ," ಎಂದರು ಸಾತಪ್ಪ ಕನಿಕರದಿಂದ.

ಹೆಡ್ ಮಾಸ್ತರರು ಖಾಲಿ ಹಾಳೆಗಳ ಕಟ್ಟನ್ನು ತಂದು ಅವರ ಮುಂದೆ ಒಗೆದರು. "ಹಂಗಾರ ಎಲ್ಲಾ ಇಯತ್ತೆಯ ಅಂಕಪಟ್ಟಿ ನೀವ ಕೈಲೆ ಬರದು ಕೊಟ್ಟ ಮನಿಗೆ ಹೋಗ್ರಿ."

ಬರೆದರು. ಬರೆದು ಬರೆದು ಬೆರಳು ಸೊಟ್ಟಗಾದವು. ಆದರೂ ಮನಸ್ಸು ಹಗುರಾಗಿತ್ತು. ಪರೀಕ್ಷೆ ಮುಗಿದಿತ್ತು, ಅವರು ಗೆದ್ದಿದ್ದರು.

ಸಂಜೆಯ ರೈಲಿನಲ್ಲಿ ಹಲಗೆಯ ಮೇಲೆ ಗೋಣಿಚೀಲ ಇಳಿಸಿದಂತೆ ಕೂತರು. ಬಾಜೂಕೆ ಕಾಯಿಪಲ್ಲೆಯ ಚೀಲ ಇಟ್ಟುಕೊಂಡು, ಇಳಕಲ್ಲ ಸೀರೆಯ ನಡುವಯಸ್ಸಿನ ಹೆಂಗಸೊಬ್ಬಳು ಕೂತಿದ್ದಳು. ಒಂದು ಪೇರಲ ಹಣ್ಣು ಮುಂದೆ ಹಿಡಿದಳು.

"ತಗೋರಿ ಅಣ್ಣಾರ. ಭಾಳ ದಣದೀರಿ."

ಇಡೀ ದಿನದಲ್ಲಿ ಒಬ್ಬರಾದರೂ ಹೀಗೆ ಹೇಳಿರಲಿಲ್ಲ. ಸಾತಪ್ಪ ಹಣ್ಣು ಕಚ್ಚುತ್ತ ಎಲ್ಲ ಹೇಳಿಕೊಂಡರು. ಹೆಂಡತಿಯ ಸಿಟ್ಟು, ನಿಂತ ನೀರು, ಹೆಡ್ ಮಾಸ್ತರರ ಬೈಗುಳ, ಟೈ ಕಟ್ಟಿದವನು ಸೋತು ಹೋದದ್ದು.

"ಆದ್ರ ಶಬ್ದ ಮಾತ್ರ ಬಿಟ್ಟಿಲ್ಲ ನೋಡ್ರಿ ಅಕ್ಕಾರ!"

"ಚಲೋ ಮಾಡಿದ್ರಿ. ನನಗೂ ಹೇಳಬ್ಯಾಡ್ರಿ ಮತ್ತ," ಎಂದಳು ಆಕೆ.

ಸಾತಪ್ಪನವರ ಎದೆ ತುಂಬಿ ಬಂತು. ಶಬ್ದ ಬೇಡವೆಂದವರು ಊರಲ್ಲೆಲ್ಲ ಈಕೆ ಒಬ್ಬಳೇ. ಇಂಥವರ ಮುಂದೆ ಸುಖ-ದುಃಖ ಹೇಳದೆ ಇನ್ನಾರ ಮುಂದೆ ಹೇಳಬೇಕು? "ಏನ ಹೇಳ್ಲಿ ಅಕ್ಕಾರ. ಮುಂಜಾನಿ ಎದ್ದರ ಬೆಳಗಾವಿ ಬಿಡೂ ಚಿಂತಿ, ಸಂಜೀಕೆ ಬೆಳಗಾವಿ ಮುಟ್ಟೂ ಚಿಂತಿ. ಕನಸಿನ್ಯಾಗೂ ಬೆಳಗಾವಿ. ದೇವರ ಮುಂದ ಕೈ ಮುಗದ್ರ ಬಾಯಾಗ ಶಿವನ ಹೆಸರ ಬರೂದಿಲ್ಲ, ಬೆಳಗಾವಿ ಅಂತೈತಿ. ದಿನಾ ಯಂತ್ರದ ಮ್ಯಾಲೆ ಬೆರಳ ಇಟ್ರ ಕೈ ತಾನ ಅದನ್ನ ಬರೀತೈತಿ."

ದೇಸೂರು ದಾಟಿತು. ಆಕೆ ಕಿಟಕಿಯ ಹೊರಗೆ ನೋಡುತ್ತಲೇ ಮೆಲ್ಲಗೆ ಕೇಳಿದಳು, "ಅಣ್ಣಾರ, ಆ ಶಬ್ದ ಬೆಳಗಾವಿ ಹೌದಲ್ರಿ?"

ಸಾತಪ್ಪನವರ ಬಾಯಲ್ಲಿದ್ದ ಪೇರಲ ಅಲ್ಲೇ ನಿಂತಿತು. "ನಿಮಗ... ನಿಮಗ ಯಾರ ಹೇಳಿದ್ರು?"

"ನೀವರಿ. ಈಗ," ಎಂದು ಆಕೆ ನಿಟ್ಟುಸಿರು ಬಿಟ್ಟಳು. "ನಾ ಚಂದ್ರವ್ವ, ಕಾಕತಿಯಾಕಿ. ಜಿಲ್ಲಾ ಕಚೇರಿಯೊಳಗ ಅಧಿಕಾರಿ ಅದೀನಿ. ಇವತ್ತ ನಿಮ್ಮನ್ನ ಪರೀಕ್ಷಾ ಮಾಡಾಕ ಬರಬೇಕಾದಾಕಿ ನಾನ."

"ಮತ್ತ ಆ ಟೈ?"

"ಪಾಪ, ಅಂವ ಖರೇನ ರಿಪೇರಿಗೆ ಬಂದಾಂವ."

"ಅಕ್ಕಾರ, ನಾ ಬಾಯಿಬಿಟ್ಟ ಹೇಳಿಲ್ರಿ," ಎಂದರು ಸಾತಪ್ಪ, ಅಳುವ ದನಿಯಲ್ಲಿ.

"ಹೇಳಿಲ್ಲ ಖರೆ. ಜಬರದಸ್ತಿ ಮಾಡಿದವ್ರಿಗೆ ಯಾರಿಗೂ ಬಗ್ಗಿಲ್ಲ, ಅದೂ ಖರೆ. ಒಂದ ಪೇರಲ ಹಣ್ಣಿಗೆ ಹೋತು." ಆಕೆಗೂ ಕೆಟ್ಟೆನಿಸಿದಂತಿತ್ತು. "ಬೆಳಗಾವಿ ಕೇಂದ್ರದ್ದು ಈಗ ಆಗಂಗಿಲ್ರಿ ಅಣ್ಣಾರ. ಆದ್ರ ಬ್ಯಾರೆ ಕೆಲಸ ಐತಿ. ತಾಲೂಕಿನ ಸಾಲಿಗೆಲ್ಲ ಯಂತ್ರ ಬರಾಕ ಹತ್ಯಾವ. ಗುಟ್ಟು ಹೆಂಗ ಕೈಬಿಟ್ಟ ಹೋಗತೈತಿ ಅಂತ ಮಾಸ್ತರಿಗೆ ತಿಳಿಸಿ ಹೇಳಾವ್ರು ಬೇಕು. ಓದಿ ಹೇಳಾವ್ರು ಬೇಕಾದಷ್ಟ ಮಂದಿ ಸಿಗತಾರ. ಕಳಕೊಂಡ ಹೇಳಾವ್ರು ನೀವೊಬ್ರ."

"ಎಲ್ಲೆಲ್ಲಿ ಹೋಗಬೇಕಾಗತೈತ್ರಿ?"

"ಬೀಡಿ, ಗುಂಜಿ, ಅಲ್ಲಿಂದ ಒಳಗ ಅಡವ್ಯಾಗಿನ ಹಳ್ಳಿ. ಬಸ್ಸ ಹೋಗೂತನಕ ಬಸ್ಸು, ಮುಂದ ನಡಕೋತ."

"ಮತ್ತ ನನ್ನ ಈ ರೈಲು?"

"ಇದೂ ಇರತೈತಿ. ಮನಿ ಇಲ್ಲೇ ಐತೆಲ್ರಿ," ಎಂದು ಚಂದ್ರವ್ವ ಚೀಲ ಎತ್ತಿಕೊಂಡಳು. "ನಾಳೆ ಮೊದಲ ಆ ಶಬ್ದ ಬದಲ ಮಾಡ್ರಿ. ಭಾಳ ಸಸಾರ ಐತಿ."

ರೈಲು ನಿಂತಿತು. ಸಾತಪ್ಪ ಎಲ್ಲರಿಗಿಂತ ಕೊನೆಗೆ ಇಳಿದರು. ಎದುರಿಗೆ ಸ್ಟೇಷನ್ನಿನ ಹಳದಿ ಫಲಕ ನಿಂತಿತ್ತು. ಯಾರಿಗೂ ಹೇಳಬಾರದೆಂದು ಅವರು ದಿನವಿಡೀ ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡಿದ ಶಬ್ದವನ್ನು ರೈಲ್ವೆಯವರು ದಪ್ಪ ಅಕ್ಷರಗಳಲ್ಲಿ, ಹೋಗುವವರಿಗೂ ಬರುವವರಿಗೂ ಕಾಣುವಂತೆ, ಮೂರು ಭಾಷೆಗಳಲ್ಲಿ ಬರೆಸಿ ಇಟ್ಟಿದ್ದರು.