ಮೇಲೆ ನೋಡಲು ಒಲ್ಲದ ನನ್ನ ಕುತ್ತಿಗೆಯವರ ಸನ್ನಿಧಿಗೆ

ಮಾನ್ಯ ಕುತ್ತಿಗೆಯವರೇ,

ಬುಕ್ಕಸಾಗರದ ಗೈಡ್ ಮಾಲತೇಶನು, ಬಗ್ಗಲು ತಾವು ಬಿಡದ ಕಾರಣ ನೆಟ್ಟಗೆ ನಿಂತೇ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿಲ್ಲವೆಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಪತ್ರದ ಮರ್ಯಾದೆಗಾಗಿ ಕ್ಷೇಮವೆಂದೇ ಭಾವಿಸಿ ಮುಂದುವರಿಯುತ್ತೇನೆ.

ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ನಿಂತು ಚಾವಣಿಯ ಚಿತ್ರಗಳನ್ನು ತೋರಿಸುವುದೇ ನನ್ನ ಹೊಟ್ಟೆಪಾಡು. ಪ್ರವಾಸಿಗರು ಅರೆಗಳಿಗೆ ನೋಡಿ ತಲೆ ಇಳಿಸುತ್ತಾರೆ. ನಾನು ಮಾತ್ರ ತಮ್ಮನ್ನು ಹಿಂದಕ್ಕೆ ಬಾಗಿಸಿಕೊಂಡೇ ಗಿರಿಜಾ ಕಲ್ಯಾಣದ ಚಿತ್ರದ ಕಥೆ ಮುಗಿಸುತ್ತಿದ್ದೆ. ಬಿಡುವಿನಲ್ಲಿ ಮೊಬೈಲಿನ ಮೇಲೆ ಬಗ್ಗಿಸಿ, ತಮಗೆ ವ್ಯಾಯಾಮವಾಯಿತೆಂದು ತಿಳಿದೆ. ದಸರೆ ಮುಗಿದು ಸೀಜನ್ ಶುರುವಾಗುವ ವಾರವೇ ತಾವು ಮುಷ್ಕರ ಹೂಡಿದ್ದು ಎಂಥ ಸಮಯಪ್ರಜ್ಞೆ! ಮೇಲೆ ನೋಡಲಾರದ ಗೈಡನ್ನು ಯಾರು ಕರೆದಾರು? ನನಗೆ ನಿಜಕ್ಕೂ ಹೆದರಿಕೆಯಾಯಿತು.

ತಮ್ಮ ಸೇವೆಯಲ್ಲಿ ನಾನೇನೂ ಕಡಿಮೆ ಮಾಡಿಲ್ಲ. ಹೊಸಪೇಟೆಯ ಫಿಜಿಯೋಥೆರಪಿಸ್ಟ್ ಹೇಮಾವತಿ ಮೇಡಂ ಶಾಖ ಕೊಟ್ಟು, ಗದ್ದ ಒಳಗೆಳೆದು ಹಿಡಿಯುವ ವ್ಯಾಯಾಮ ಕಲಿಸಿ, ದಿನಾ ಮಾಡಬೇಕೆಂದರು. ಅದನ್ನು ಅವರ ಮುಂದೆ ಮಾತ್ರ ಬಹಳ ಶ್ರದ್ಧೆಯಿಂದ ಮಾಡಿದೆ. ಕಂಪ್ಲಿಯ ವೈದ್ಯ ಹಾಲಸ್ವಾಮಿಯವರು ಗ್ರೀವಾ ಬಸ್ತಿ ಮಾಡಿದರು. ಎಂದರೆ ಬೋರಲು ಮಲಗಿಸಿ, ತಮ್ಮ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಅದರೊಳಗೆ ಬೆಚ್ಚನೆಯ ಎಣ್ಣೆ ನಿಲ್ಲಿಸಿದರು. ತಮಗೂ ಹಿತವಾಯಿತು. ಮತ್ತೆ ಬರಬೇಕೆಂದಾಗ ಮಾತ್ರ, ಅಷ್ಟು ದೂರ ಯಾರು ಹೋಗುತ್ತಾರೆ, ಕಟ್ಟೆ ತಾನೇ, ಮನೆಯಲ್ಲೇ ಕಟ್ಟೋಣವೆಂದು ಅತ್ತೆ ದುರುಗವ್ವನವರ ಮುಂದೆ ಮಲಗಿದೆ. ಮನೆಯಲ್ಲಿ ಉದ್ದು ಇರಲಿಲ್ಲ. ರೊಟ್ಟಿ ತಿನ್ನುವವರ ಮನೆಯಲ್ಲಿ ಹಿಟ್ಟಿಗೇನು ಬರವೆಂದು ಅವರು ಜೋಳದ ಹಿಟ್ಟಿಗೆ ಎಸರು ಹೊಯ್ದು, ನಾದಿ, ಕಟ್ಟೆ ಕಟ್ಟಿಯೇಬಿಟ್ಟರು. ಜೋಳದ ಹಿಟ್ಟಿಗೆ ಅಂಟು ಎಲ್ಲಿಂದ ಬರಬೇಕು? ಎಣ್ಣೆ ಬಿದ್ದದ್ದೇ ಕಟ್ಟೆ ಬಿರಿಯಿತು, ಎಣ್ಣೆ ಬೆನ್ನಗುಂಟ ಹರಿದು ಲುಂಗಿ ಸೇರಿತು, ನಾನು ಗಾಬರಿಯಲ್ಲಿ ತಟ್ಟನೆ ತಲೆ ಎತ್ತಿದೆ. ಅಲ್ಲಿಗೆ ತಾವು ಪೂರ್ತಿ ಹಿಡಿದುಕೊಂಡಿರಿ.

ಮರುದಿನ ದಾವಣಗೆರೆಯಿಂದ ಒಂದು ಬಸ್ಸಿನಷ್ಟು ಮಂದಿ ಬರುವವರಿದ್ದರು. ತಮಗೊಂದು ಪಟ್ಟಿ ಬಿಗಿದು, ಕೈಯಲ್ಲೊಂದು ಕನ್ನಡಿ ಹಿಡಿದು ಹೋದೆ. ಕೆಳಗಿನ ನೆರಳು ನೋಡಿ ಮೇಲಿನ ಮೀನಿಗೆ ಬಾಣ ಬಿಟ್ಟ ಅರ್ಜುನ ಅದೇ ಚಾವಣಿಯಲ್ಲಿರುವಾಗ, ಕನ್ನಡಿ ನೋಡಿ ಕಥೆ ಹೇಳುವುದು ನನಗೇನು ದೊಡ್ಡದು? ಕನ್ನಡಿಯಲ್ಲಿ ಎಡಬಲ ಅದಲುಬದಲಾಗುತ್ತದೆಂಬುದು ಮಾತ್ರ ಈ ಬುದ್ಧಿವಂತನಿಗೆ ಹೊಳೆಯಲಿಲ್ಲ. ನಾನು ಪಲ್ಲಕ್ಕಿ ಎಂದ ಕಡೆ ಮದುವೆ, ಮದುವೆ ಎಂದ ಕಡೆ ಬರೀ ಕಂಬ. ಮಂದಿ ಮುಖ ಮುಖ ನೋಡಿಕೊಂಡರು.

ನನ್ನನ್ನು ಹಿಡಿದು ನಡೆಸಲೆಂದು ಬಂದಿದ್ದ ಹೆಂಡತಿ ಅನ್ನಪೂರ್ಣ, ಈ ಅವಸ್ಥೆ ನೋಡಲಾರದೆ ಕನ್ನಡಿ ಕಸಿದುಕೊಂಡು, ತಾನೇ ಮೇಲೆ ನೋಡಿ ಹೇಳತೊಡಗಿದಳು. ನಾನಾಗಿದ್ದರೆ ಕಾಲ, ಬಣ್ಣ, ಶೈಲಿ ಎಂದು ಉಪನ್ಯಾಸ ಬಿಗಿಯುತ್ತಿದ್ದೆ. ಆಕೆ ಹೇಳಿದ್ದಿಷ್ಟೇ: "ನೋಡ್ರಿ ಯಕ್ಕಾ, ಮದುಮಗಳು ಹೆಂಗ ನಾಚ್ಯಾಳ. ಮಗ್ಗಲಾಗ ನಿಂತೋರು ಊಟ ಯಾವಾಗ ಅಂತ ಕಾಯಾಕ ಹತ್ಯಾರ." ಬಸ್ಸಿನ ಮಂದಿಯೆಲ್ಲ ನಕ್ಕು, ತಲೆ ಇಳಿಸುವುದನ್ನೇ ಮರೆತು ನೋಡಿದರು. ನನ್ನ ಮಾತಿಗೆ ಇಷ್ಟು ವರ್ಷಗಳಲ್ಲಿ ಯಾರೂ ಹಾಗೆ ನೋಡಿರಲಿಲ್ಲ. ನೆಲದ ಕಲ್ಲು ನೋಡುತ್ತ ನಿಂತಿದ್ದ ನನಗೆ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು.

ಆದಕಾರಣ ತಾವು ದಯಮಾಡಿ ಈ ಪತ್ರ ಓದಿ ಮುಗಿಸುವುದರೊಳಗೆ ಗುಣವಾಗಬೇಕು. ಅದಾಗದಿದ್ದರೆ ಚಾವಣಿಯನ್ನಾದರೂ ಎರಡಾಳು ಕೆಳಗಿಳಿಸಿ ಕೊಡಬೇಕು. ಪ್ರತಿಯಾಗಿ, ಮೇಡಂ ಕಲಿಸಿದ ವ್ಯಾಯಾಮವನ್ನು ಯಾರೂ ನೋಡದಿರುವಾಗಲೂ ಮಾಡುತ್ತೇನೆ.

ತಮ್ಮನ್ನು ಬಿಟ್ಟರೆ ಗತಿಯಿಲ್ಲದ ವಿಶ್ವಾಸಿ,
ಮಾಲತೇಶ

ಮರೆತ ಮಾತು: ದಾವಣಗೆರೆಯವರು ಬೀಗರನ್ನೂ ಕಳಿಸುತ್ತಾರಂತೆ, ಈಗಷ್ಟೇ ಫೋನ್ ಬಂದಿತ್ತು. "ಆ ಅಕ್ಕಾರು ಇದ್ರ ಸಾಕ್ರಿ, ನೀವು ಆರಾಮ ಮಾಡ್ರಿ" ಎಂದರು. ಆದ್ದರಿಂದ ತಾವಿನ್ನು ಅವಸರಪಟ್ಟು ಗುಣವಾಗಬೇಕಾಗಿಲ್ಲ.